ಹೊಟ್ಟೆ ಮುಚ್ಚಿಕೊಂಡ ಮಟಾಡೋರ್

ಕನಕಪುರ ರಸ್ತೆಯಲ್ಲಿ ಮೆಟ್ರೊ ಕಂಬಗಳ ನೆರಳು ಹಿಡಿದು ತಲಘಟ್ಟಪುರ ದಾಟುವಾಗ ಅಲ್ಲೊಂದು ಇಲ್ಲೊಂದು ಟಿಂಕರಿಂಗ್ ಶೆಡ್ಡು ಕಾಣುತ್ತದೆ. ಕಳೆದ ಬೇಸಿಗೆಯಲ್ಲಿ ಅಂಥದೊಂದು ಶೆಡ್ಡಿನೊಳಗೆ ಹಳೆಯ ಮಟಾಡೋರ್ ಒಂದು ಜಾಕಿನ ಮೇಲೆ ನಿಂತಿತ್ತು. ಒಳಗೆ ಮಡಚುವ ಹಾಸಿಗೆ, ಮೊಣಕಾಲೆತ್ತರದ ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಕಿಟಕಿಗೆ ಇಳಕಲ್ ಸೀರೆಯಿಂದ ಹೊಲಿಸಿದ ಪರದೆ. ಗೆಳೆಯರೊಬ್ಬರು ನಿವೃತ್ತಿಯ ಹಣದಲ್ಲಿ ಕಟ್ಟಿಸುತ್ತಿದ್ದ ಓಡಾಡುವ ಮನೆ ಅದು. ಕೆಲಸ ಮುಗಿಯುತ್ತ ಬಂದಾಗ ಮೇಸ್ತ್ರಿ ಕೊನೆಯದೊಂದು ಸಲಹೆ ಕೊಟ್ಟ: "ಸಾರ್, ಕೆಳಗಡೆ ಪೂರ್ತಿ ಶೀಟ್ ಹೊಡ್ಸಿಬಿಡಿ. ಕಲ್ಲು ಹೊಡೆಯಲ್ಲ, ಕೆಸರು ಹತ್ತಲ್ಲ. ಇನ್ನು ಹತ್ತು ವರ್ಷ ಕೆಳಗೆ ಬಗ್ಗಿ ನೋಡೋ ಹಾಗೇ ಇಲ್ಲ."

ಕೊನೆಯ ಮಾತಂತೂ ಅಕ್ಷರಶಃ ನಿಜ. ನೋಡುವ ಹಾಗೇ ಇರುವುದಿಲ್ಲ. ಈ ಲೇಖನಕ್ಕೆ ಕಾರಣವೂ ಆ ಮಾತೇ.

ಹಳೆಯ ವ್ಯಾನುಗಳನ್ನು ಮಲಗುವ ಮನೆಯಾಗಿಸಿಕೊಂಡು ಊರೂರು ಸುತ್ತುವ ಹುಚ್ಚು ಈಗ ಬೆಂಗಳೂರಿನಲ್ಲಿ ಚೆನ್ನಾಗಿಯೇ ಬೇರು ಬಿಟ್ಟಿದೆ. ಜರ್ಮನಿಯವರಿಗೆ 1950ರಲ್ಲಿ ತಯಾರಿಕೆ ಶುರುವಾದ ಫೋಕ್ಸ್‌ವ್ಯಾಗನ್ ಕೊಂಬಿ ಹೇಗೋ ನಮಗೆ ಮಟಾಡೋರ್ ಹಾಗೆ. ಪುಣೆಯ ಬಜಾಜ್ ಟೆಂಪೊ ಕಂಪನಿ ಜರ್ಮನ್ ವಿನ್ಯಾಸವನ್ನೇ ತಂದು ಇಲ್ಲಿ ಕಟ್ಟಿದ ಈ ಗಾಡಿ ಶಾಲಾ ಮಕ್ಕಳನ್ನೂ ಮದುವೆ ದಿಬ್ಬಣವನ್ನೂ ಹೊತ್ತು ಮನೆಮಾತಾಯಿತು. ಮುಂದಿನ ಚಕ್ರಗಳೇ ಎಳೆಯುವ ಗಾಡಿಯಾದ್ದರಿಂದ ಹಿಂದಕ್ಕೆ ಹೋಗುವ ಶಾಫ್ಟ್ ಇಲ್ಲ, ನೆಲ ತಗ್ಗು. ಕ್ಯಾಂಪರ್ ಮಾಡುವವರಿಗೆ ಅದೇ ಅನುಕೂಲ. 1984ರಲ್ಲಿ ಬಂದ ಮಾರುತಿ ವ್ಯಾನು, ಮುಂದೆ ಓಮ್ನಿ ಎಂದು ಹೆಸರಾದದ್ದು, ಇನ್ನೊಂದು ಅಗ್ಗದ ದಾರಿ. 2019ರಲ್ಲಿ ಅದರ ತಯಾರಿಕೆ ನಿಂತಿತು, ಹಾಗಾಗಿ ಅದೂ ಈಗ ಹಳೆಯ ಗಾಡಿಗಳ ಸಾಲಿಗೆ ಸೇರುತ್ತಿದೆ. ಇಂಥ ಗಾಡಿಗಳಿಗೆ ಅಡಿಯಲ್ಲಿ ಅಲ್ಯುಮಿನಿಯಂ ಚೆಕರ್ ಪ್ಲೇಟನ್ನೋ ಜಿಐ ಶೀಟನ್ನೋ ಬಿಗಿದು 'ಪ್ಯಾಕ್' ಮಾಡಿಸುವುದು ಹೊಸ ರೂಢಿ. ಮಾಡಿಸುವವರ ಉದ್ದೇಶ ಒಳ್ಳೆಯದೇ. ಅವರು ಕಲ್ಲಿಗೆ ಹೆದರುತ್ತಾರೆ, ರಸ್ತೆಯ ಹಂಪುಗಳಿಗೆ ಹೆದರುತ್ತಾರೆ, ಮಳೆನೀರಿಗೆ ಹೆದರುತ್ತಾರೆ. ಹೆದರಬೇಕಾದದ್ದು ತಟ್ಟೆಗೂ ಗಾಡಿಯ ನೆಲಕ್ಕೂ ನಡುವೆ ಉಳಿಯುವ ಗಾಳಿಯಾಡದ ಸಂದಿಗೆ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಸುರಿಯಲೇಬೇಕೆಂದಿಲ್ಲ ಎಂಬುದು ಗೊತ್ತಾಗಿ ತೊಂಬತ್ತು ವರ್ಷವಾಯಿತು. ಬ್ರಿಟನ್ನಿನ ಡಬ್ಲ್ಯು.ಎಚ್.ಜೆ. ವರ್ನನ್ 1930ರ ದಶಕದಲ್ಲಿ ನುಣುಪಾದ ಕಬ್ಬಿಣದ ತುಂಡುಗಳನ್ನು ಬೇರೆ ಬೇರೆ ತೇವಾಂಶದ ಗಾಳಿಯಲ್ಲಿಟ್ಟು ತೂಗಿ ನೋಡಿದ. ಶುದ್ಧ ಗಾಳಿಯಲ್ಲಿ ತೇವ ಎಷ್ಟೇ ಇದ್ದರೂ ತುಕ್ಕು ನಿಧಾನ. ಆದರೆ ಗಾಳಿಗೆ ಗಂಧಕದ ಡಯಾಕ್ಸೈಡ್ ಒಂದಿಷ್ಟು ಬೆರೆತಿದ್ದರೆ, ಸಾಪೇಕ್ಷ ತೇವಾಂಶ ಶೇಕಡ 60ರ ಆಸುಪಾಸು ದಾಟುತ್ತಲೇ ತುಕ್ಕಿನ ವೇಗ ಒಮ್ಮೆಲೇ ಜಿಗಿಯಿತು. ಆ ಗೆರೆಯ ಕೆಳಗೆ ಕಬ್ಬಿಣ ಬಹುಪಾಲು ನೆಮ್ಮದಿಯಾಗಿರುತ್ತದೆ, ಮೇಲೆ ಹೋದರೆ ಕಣ್ಣಿಗೆ ಕಾಣದ ನೀರಿನ ಪೊರೆಯೊಂದು ಲೋಹದ ಮೇಲೆ ಕೂರುತ್ತದೆ. ಉಪ್ಪು ಸೇರಿದರೆ ಗೆರೆ ಇನ್ನೂ ಕೆಳಗಿಳಿಯುತ್ತದೆ. ಸಮುದ್ರದ ಉಪ್ಪಿನಲ್ಲಿ ಅಡುಗೆ ಉಪ್ಪಿನ ಜೊತೆ ಮೆಗ್ನೀಸಿಯಂ ಕ್ಲೋರೈಡೂ ಇರುತ್ತದೆ. ಅಡುಗೆ ಉಪ್ಪು ಶೇಕಡ 75ರ ತೇವಾಂಶದಲ್ಲಿ ಕರಗಿ ನೀರಾದರೆ ಇದು 33ಕ್ಕೇ ನೀರೂರುತ್ತದೆ.

ಬೆಂಗಳೂರಿನ ಹವೆಯನ್ನು ಈ ಲೆಕ್ಕಕ್ಕೆ ಹಿಡಿಯೋಣ. ಮಾರ್ಚಿನ ಮಧ್ಯಾಹ್ನ ತೇವಾಂಶ ಮೂವತ್ತರ ಹತ್ತಿರ ಇಳಿಯುತ್ತದೆ. ಬೋಳು ಕಬ್ಬಿಣವೂ ಆಗ ಒಣಗಿ ಉಸಿರಾಡಿಕೊಳ್ಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಳಗಿನ ತೇವಾಂಶ ಎಂಬತ್ತು ದಾಟಿರುತ್ತದೆ. ವರ್ಷದಲ್ಲಿ ಸುರಿಯುವ ಒಂದು ಮೀಟರಿನಷ್ಟು ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ಗಳದ್ದು. ತೆರೆದ ಅಡಿಯ ಗಾಡಿ ನೆನೆಯುತ್ತದೆ, ಓಡುವಾಗಿನ ಗಾಳಿಗೆ ಎಂಜಿನ್ನಿನ ಬಿಸಿ ಸೇರಿ ಒಂದೆರಡು ಗಂಟೆಯಲ್ಲಿ ಒಣಗುತ್ತದೆ. ಮುಚ್ಚಿದ ಅಡಿಗೆ ನೀರು ನುಗ್ಗಲು ಅಂಚಿನ ಸಂದಿ ಸಾಕು. ಹೊರಬರಲು ಮಾತ್ರ ಅದು ಸಾಲದು. ಹೊರಗೆ ಡಿಸೆಂಬರಿನ ಒಣಗಾಳಿ ಬೀಸುತ್ತಿದ್ದರೂ ತಟ್ಟೆಯ ಒಳಗೆ ಇನ್ನೂ ಸೆಪ್ಟೆಂಬರ್.

ಈ ಪಾಠವನ್ನು ತಲಘಟ್ಟಪುರದ ಜನಕ್ಕೆ ಎಂಜಿನಿಯರುಗಳು ಹೇಳಿಕೊಡಬೇಕಾಗಿಲ್ಲ. ಇಲ್ಲೇ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ. ಮುಂದಿನ ಮೆಟ್ರೊ ನಿಲ್ದಾಣಕ್ಕೆ ರೇಷ್ಮೆ ಸಂಸ್ಥೆಯ ಹೆಸರೇ. ಹುಳು ಸಾಕಿದ ಯಾರನ್ನಾದರೂ ಕೇಳಿ. ಚಾಕಿ ಮರಿಗಳಿಗೆ ಶೇಕಡ 80-85ರ ತೇವ ಹಿತ, ದೊಡ್ಡ ಹುಳುಗಳಿಗೆ 70ರ ಆಚೆ ಹೋಗಬಾರದು. ತೇವ ಏರಿ ಗಾಳಿಯಾಡದೆ ಹೋದರೆ ಸುಣ್ಣಕಟ್ಟು ರೋಗ ಬಂದು ಇಡೀ ಮನೆಯ ಹುಳು ಬಿಳಿ ಬಳಪದಂತಾಗುತ್ತದೆ. ಹಣ್ಣಾದ ಹುಳುಗಳನ್ನು ಬಿಟ್ಟ ಚಂದ್ರಿಕೆಗಳನ್ನು ಗಾಳಿಯಾಡುವ ಕಡೆ ಒರಗಿಸಿಡುವುದು ಸುಮ್ಮನೆ ಅಲ್ಲ. ರೇಷ್ಮೆ ರೈತನಿಗೆ ಗೊತ್ತಿರುವ ಈ ಮಾತು ಟಿಂಕರಿಂಗ್ ಶೆಡ್ಡಿಗೆ ಇನ್ನೂ ತಲುಪಿಲ್ಲ.

ತೇವಕ್ಕಿಂತ ವಂಚಕವಾದದ್ದು ಇನ್ನೊಂದಿದೆ. ಕೇಂಬ್ರಿಜ್‌ನ ಯು.ಆರ್. ಇವಾನ್ಸ್ ಎಂಬ ವಿಜ್ಞಾನಿ ಉಪ್ಪುನೀರಿನ ಒಂದೇ ಹನಿಯಿಂದ ಅದನ್ನು ತೋರಿಸಿಕೊಟ್ಟ. ಉಕ್ಕಿನ ತಟ್ಟೆಯ ಮೇಲೆ ಹನಿ ಬಿಟ್ಟರೆ ತುಕ್ಕು ಎಲ್ಲ ಕಡೆ ಒಂದೇ ಸಮನೆ ಏಳುವುದಿಲ್ಲ. ಹನಿಯ ಅಂಚು ತೆಳು, ಅಲ್ಲಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ಇಳಿಯುತ್ತದೆ. ನಡುವೆ ನೀರು ದಪ್ಪ, ಆಮ್ಲಜನಕ ಕಡಿಮೆ. ಸವೆಯುವುದು ನಡುವಿನ ಕಬ್ಬಿಣ. ಅಂಚಿನದು ಹೊಳೆಯುತ್ತ ಉಳಿಯುತ್ತದೆ. ಎರಡರ ಮಧ್ಯೆ ಕಂದು ಬಳೆಯಂತೆ ತುಕ್ಕು ಕೂರುತ್ತದೆ. ಆಮ್ಲಜನಕ ಹೆಚ್ಚಿರುವ ಕಡೆ ತುಕ್ಕು ಹೆಚ್ಚು ಎಂದು ನಾವೆಲ್ಲ ಎಣಿಸುತ್ತೇವೆ. ಇಲ್ಲಿ ಉಲ್ಟಾ. ಆಮ್ಲಜನಕ ತಲುಪದ ಸಂದಿಯೇ ತನ್ನನ್ನು ತಾನು ಕರಗಿಸಿಕೊಂಡು ಸುತ್ತಲಿನ ಲೋಹವನ್ನು ಕಾಯುತ್ತದೆ. ಬೋಲ್ಟಿನ ತಲೆಯ ಕೆಳಗೆ, ಶೀಟು ಚಾಸಿಗೆ ಒತ್ತಿದ ಪಟ್ಟಿಯ ಕೆಳಗೆ, ಮೆತ್ತಿಕೊಂಡ ಕೆಂಪು ಕೆಸರಿನ ಕೆಳಗೆ ಇದೇ ಆಟ ನಡೆಯುತ್ತದೆ. ಹೊರಗಿನಿಂದ ತಟ್ಟಿದರೆ ಎಲ್ಲವೂ ಗಟ್ಟಿಯಾಗಿ ಕೇಳುತ್ತದೆ. ತೂತು ಬೀಳುವುದು ಶೀಟು ಎಲ್ಲಿ ಚೆನ್ನಾಗಿ ಬಿಗಿದಿದೆಯೋ ಅಲ್ಲಿ.

ಕೊಡಚಾದ್ರಿಗೆ ಹೋದವರು ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ನಿಂತ ಕಬ್ಬಿಣದ ಕಂಬವನ್ನು ನೋಡಿರುತ್ತಾರೆ. ಮಲೆನಾಡಿನ ಆ ಮಳೆಯಲ್ಲಿ ತಲೆಮಾರುಗಳಿಂದ ತೋಯುತ್ತಿದ್ದರೂ ಅದು ಕರಗಿಲ್ಲ. ದೆಹಲಿಯ ಕುತುಬ್ ಆವರಣದ ಕಂಬ ಇನ್ನೂ ಹಳೆಯದು, ಹದಿನಾರು ಶತಮಾನಗಳದ್ದು. ಅದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ಎರಡು ಕಾರಣ ಕೊಟ್ಟರು. ಆ ಕಬ್ಬಿಣದಲ್ಲಿ ರಂಜಕ ಹೆಚ್ಚಿದೆ ಎಂಬುದು ಒಂದು. ನೆನೆದು ಒಣಗಿ, ಮತ್ತೆ ನೆನೆದು ಒಣಗಿ ಅದರ ಮೇಲೊಂದು ಕಾಯುವ ಪೊರೆ ಕಟ್ಟಿಕೊಂಡಿದೆ ಎಂಬುದು ಇನ್ನೊಂದು. ಎರಡನೆಯದನ್ನು ಒತ್ತಿ ಓದಿ. ಆ ಪೊರೆ ಬೆಳೆಯಲು ಒಣಗುವ ಸರದಿ ಬೇಕೇ ಬೇಕು. ಅದೇ ಕಂಬದ ನೆಲದೊಳಗಿನ ಭಾಗ, ಗಾಳಿಬೆಳಕು ಕಾಣದ್ದು, ದಪ್ಪ ತುಕ್ಕಿನ ಕವಚ ತೊಟ್ಟಿತ್ತು. ಕಬ್ಬಿಣ ಒಂದೇ, ಊರು ಒಂದೇ. ನಮ್ಮ ಮಟಾಡೋರಿನ ಉಕ್ಕಿಗೆ ಆ ರಂಜಕದ ಭಾಗ್ಯವೂ ಇಲ್ಲ.

ಎಷ್ಟು ಬೇಗ? ಉಕ್ಕು ಗಾಳಿಯಲ್ಲಿ ಸವೆಯುವ ವೇಗಕ್ಕೆ ಐಎಸ್‌ಒ 9223 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಸೌಮ್ಯ ಹವೆಯಲ್ಲಿ ಮೊದಲ ವರ್ಷ ಉಕ್ಕು ಕಳೆದುಕೊಳ್ಳುವುದು 25 ಮೈಕ್ರಾನ್‌ಗಿಂತ ಕಡಿಮೆ. ಮಧ್ಯಮ ಹವೆಯಲ್ಲಿ 25ರಿಂದ 50. ಉಪ್ಪುಗಾಳಿಯ ತೀವ್ರ ಕರಾವಳಿಯಲ್ಲಿ 80ರಿಂದ 200. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ವ್ಯಾನಿನ ನೆಲದ ಶೀಟು ಹೆಚ್ಚೂಕಡಿಮೆ ಒಂದು ಮಿಲಿಮೀಟರ್. ಬಣ್ಣವೇ ಇಲ್ಲದೆ ಬಿಟ್ಟರೂ ಸೌಮ್ಯ ಹವೆಯಲ್ಲಿ ಅದು ನಲವತ್ತು ವರ್ಷ ತಾಳಬಹುದು, ತೀವ್ರ ಕರಾವಳಿಯಲ್ಲಿ ಐದೇ ವರ್ಷ. ಇದು ಬಯಲಿನಲ್ಲಿಟ್ಟ, ಒಂದೇ ಸಮ ಸವೆಯುವ ತಟ್ಟೆಯ ಲೆಕ್ಕ. ಸಂದಿಯಲ್ಲಿ ಬೀಳುವ ಗುಳಿ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ, ಅದು ಇನ್ನೂ ಮುಂದೆ ಓಡುತ್ತದೆ. ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುತ್‌ರಸಾಯನ ಸಂಶೋಧನಾ ಸಂಸ್ಥೆ ದೇಶದ ನಾನಾ ಕಡೆ ಲೋಹದ ತುಂಡುಗಳನ್ನು ಗಾಳಿಗೊಡ್ಡಿ ತುಕ್ಕಿನ ನಕ್ಷೆಯನ್ನೇ ಮಾಡಿದೆ. ಅದರಲ್ಲೂ ಕರಾವಳಿಗೂ ಒಳನಾಡಿಗೂ ಇರುವ ಅಂತರ ಎದ್ದು ಕಾಣುತ್ತದೆ.

"ನಾವಿರುವುದು ಘಟ್ಟದ ಮೇಲೆ, ನಮಗೇಕೆ ಕರಾವಳಿಯ ಭಯ?" ಎನ್ನುವಿರಿ. ಕ್ಯಾಂಪರ್ ಕಟ್ಟಿಸಿದವರು ಮೊದಲು ಹೋಗುವುದು ಎಲ್ಲಿಗೆ? ಗೋಕರ್ಣ, ಮಲ್ಪೆ, ಮರವಂತೆ. ದಡದ ಮರಳಿನಲ್ಲಿ ಎರಡು ರಾತ್ರಿ ನಿಲ್ಲಿಸಿ, ಅಲೆಯ ತುಂತುರು ಹೊತ್ತು, ಘಟ್ಟ ಹತ್ತಿ ಮನೆಗೆ ಬರುತ್ತಾರೆ. ತೆರೆದ ಅಡಿಯಾಗಿದ್ದರೆ ಮುಂದಿನ ಮಳೆಯೋ ಪೈಪಿನ ನೀರೋ ಆ ಉಪ್ಪನ್ನು ತೊಳೆದುಹಾಕುತ್ತಿತ್ತು. ಮಳೆ ತಾಗದ ಮರೆಯಲ್ಲಿ ಉಪ್ಪು ಕೂಡುತ್ತಲೇ ಹೋಗುತ್ತದೆ. ಕಡಲ ಬದಿಯ ಸೇತುವೆಗಳ ಅಡಿಭಾಗ ಮೇಲ್ಭಾಗಕ್ಕಿಂತ ಬೇಗ ಕೆಡಲು ಇದೂ ಒಂದು ಕಾರಣ. ಶೀಟು ಹೊಡೆಸಿದ ವ್ಯಾನಿನವರು ಹೀಗೆ ಮಲ್ಪೆಯನ್ನು ಮನೆಗೇ ಕಟ್ಟಿಕೊಂಡು ಬರುತ್ತಾರೆ. ಅಲ್ಯುಮಿನಿಯಂ ತಟ್ಟೆಯನ್ನು ಉಕ್ಕಿನ ಚಾಸಿಗೆ ನೇರ ಬಿಗಿದಿದ್ದರೆ ಅದು ಇನ್ನೊಂದು ತಕರಾರು: ಉಪ್ಪುನೀರಿನಲ್ಲಿ ಎರಡು ಲೋಹ ಸೇರಿದರೆ ಬ್ಯಾಟರಿಯ ಹಾಗೆ. ಮೊದಲು ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ತೂತು ಅಗಲವಾಗಿ ತಟ್ಟೆ ಜೋಲುತ್ತದೆ. ಮೈಸೂರು ರಸ್ತೆಯ ವೇಗದಲ್ಲಿ ಅದು ಕಳಚಿದರೆ ಹಿಂದಿನ ಬೈಕಿನವನ ಗತಿಯನ್ನು ಊಹಿಸಿಕೊಳ್ಳಿ.

ತುಕ್ಕು ಬರೀ ತಿನ್ನುವುದಿಲ್ಲ, ಉಬ್ಬುತ್ತದೆ ಕೂಡ. ಕರಗಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಅದಕ್ಕೆ ಬೇಕು. 1983ರ ಜೂನ್ 28ರಂದು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮಯಾನಸ್ ನದಿಯ ಹೆದ್ದಾರಿ ಸೇತುವೆಯ ನೂರಡಿ ತುಂಡು ನಡುರಾತ್ರಿ ಕಳಚಿ ಬಿದ್ದು ಮೂವರು ಸತ್ತರು. ತನಿಖೆ ನಡೆಸಿದವರು ಕಂಡದ್ದು: ಕೀಲುಗಳ ಸಂದಿಯಲ್ಲಿ ತುಕ್ಕು ಉಬ್ಬಿ ಉಕ್ಕಿನ ತೂಗುಪಟ್ಟಿಯನ್ನು ಕೀಲಿನಿಂದಲೇ ಹೊರಗೆ ತಳ್ಳಿತ್ತು. ನೀರು ಅಲ್ಲಿಗೆ ಹೇಗೆ ಬಂತು? ರಸ್ತೆ ದುರಸ್ತಿಯ ಹೊತ್ತಿನಲ್ಲಿ ಮಳೆನೀರು ಹೋಗುವ ತೂತುಗಳ ಮೇಲೆ ಡಾಂಬರು ಹೊದಿಸಿಬಿಟ್ಟಿದ್ದರು, ಸುಮಾರು ಹತ್ತು ವರ್ಷ ಮೊದಲು. ವ್ಯಾನಿನಲ್ಲೂ ಅಂಥ ತೂತುಗಳಿವೆ. ಬಾಗಿಲುಗಳ ಕೆಳಗೆ ಡಬ್ಬಿಯಂಥ ಟೊಳ್ಳು ಕಂಬಿಗಳಿವೆ. ಗಾಡಿಯ ಬಲವೆಲ್ಲ ಅವುಗಳಲ್ಲಿ. ಅವುಗಳ ಅಡಿಯಲ್ಲಿ ಕಂಪನಿಯವರು ಪುಟ್ಟ ತೂತು ಬಿಟ್ಟಿರುತ್ತಾರೆ, ಬಾಗಿಲಿನಿಂದ ಇಳಿದ ನೀರು ಬಸಿದು ಹೋಗಲಿ ಎಂದು. ಅಂಚಿನಿಂದ ಅಂಚಿಗೆ ಶೀಟು ಹೊಡೆಯುವಾಗ ಮೊದಲು ಮುಚ್ಚಿಹೋಗುವುದೇ ಆ ತೂತು.

ಹಾಗಾದರೆ ಹೊಸ ಕಾರುಗಳ ಅಡಿಯಲ್ಲಿ ತಟ್ಟೆ ಇಲ್ಲವೆ? ಇದೆ. ಅದು ಪ್ಲಾಸ್ಟಿಕ್‌ನದು, ನೀರಿಳಿಯುವ ತೂತುಗಳೊಂದಿಗೇ ಅಚ್ಚು ಹಾಕಿದ್ದು. ಅದರ ಮೇಲಿರುವ ಉಕ್ಕಿಗೆ ಸತುವಿನ ಲೇಪವಿರುತ್ತದೆ, ಇಡೀ ಬಾಡಿಯನ್ನು ವಿದ್ಯುತ್ ಹಾಯಿಸಿದ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ತೆಗೆದಿರುತ್ತಾರೆ. ಎಪ್ಪತ್ತು, ಎಂಬತ್ತರ ದಶಕದ ನಮ್ಮ ಎಷ್ಟೋ ವ್ಯಾನುಗಳಿಗೆ ಆ ಸ್ನಾನ ಆಗಿಲ್ಲ. ಹೊಸ ಕಾರುಗಳಿಗೆ ಅಷ್ಟೆಲ್ಲ ರಕ್ಷೆ ಇದ್ದರೂ ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಮಾಡುವವರು ವರದಿಯಲ್ಲಿ ಒಂದು ಸಾಲು ಪದೇ ಪದೇ ಬರೆಯುತ್ತಾರೆ: ಅಡಿ ತಟ್ಟೆಗಳಿರುವುದರಿಂದ ಕೆಳಗಿನ ಕೆಲವು ಭಾಗ ಕಾಣಲಿಲ್ಲ. ನಮ್ಮಲ್ಲಿ ಸ್ವಂತ ಗಾಡಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆಗ ಎಫ್‌ಸಿ ತಪಾಸಣೆಗೆ ನಿಂತ ಗಾಡಿಯ ಅಡಿಯ ಶೀಟನ್ನು ಬಿಚ್ಚಿಸಿ ನೋಡುವಷ್ಟು ತಾಳ್ಮೆ ಯಾರಿಗಿದೆ? ಐದು ವರ್ಷ ಯಾರ ಕಣ್ಣಿಗೂ ಬೀಳದೆ ಕಳೆಯುತ್ತದೆ.

ಇಷ್ಟರವರೆಗೆ ಹೇಳಿದ್ದು ಗಾಡಿಗೆ ಬರುವ ಕೇಡು. ಒಳಗೆ ಮಲಗಿದವರ ಜೀವಕ್ಕೆ ಬರುವುದು ಬೇರೆ ಇದೆ, ನನ್ನ ನಿದ್ದೆ ಕೆಡಿಸಿದ್ದು ಅದೇ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇಳುವುದಿಲ್ಲ, ನೀರಿನಂತೆ ತಗ್ಗಿಗೆ ಹರಿಯುತ್ತದೆ. ಗಾಳಿಯಲ್ಲಿ ಅದು ಶೇಕಡ 2ರಷ್ಟಾದರೆ ಒಂದು ಕಿಡಿ ಸಾಕು. ಅದಕ್ಕೇ ಗ್ಯಾಸ್ ಒಲೆಯಿರುವ ಕ್ಯಾಂಪರಿನ ನೆಲದಲ್ಲಿ, ಸಿಲಿಂಡರಿನ ಪಕ್ಕದಲ್ಲೇ, ರಸ್ತೆಗೆ ತೆರೆದುಕೊಳ್ಳುವ ತೂತು ಬಿಡುತ್ತಾರೆ. ಯುರೋಪಿನಲ್ಲಿ ಇದಕ್ಕೆ ಪ್ರತ್ಯೇಕ ಮಾನದಂಡವೇ ಇದೆ. ಸೋರಿದ ಅನಿಲ ಆ ದಾರಿಯಲ್ಲಿ ಇಳಿದು ಗಾಳಿಯಲ್ಲಿ ಚೆದುರುತ್ತದೆ. ಕೆಳಗೆ ಶೀಟು ಬಿಗಿದ ಮೇಲೆ ಅದು ಇಳಿದು ಎಲ್ಲಿಗೆ ಹೋಗಬೇಕು? ತಟ್ಟೆಯ ಮೇಲೇ ಕೆರೆ ಕಟ್ಟುತ್ತದೆ, ಸೈಲೆನ್ಸರ್ ಪೈಪಿನ ನೆರೆಯಲ್ಲೇ. ಪೆಟ್ರೋಲಿನ ಆವಿಯೂ ಅಷ್ಟೇ, ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಳೆಯ ರಬ್ಬರ್ ಪೈಪುಗಳಿಗೆ ಎಥನಾಲ್ ಒಗ್ಗುವುದಿಲ್ಲ, ಬಂಕುಗಳಲ್ಲಿ ಈಗ ಸಿಗುವುದು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು. ತೆರೆದ ಅಡಿಯಾದರೆ ತೊಟ್ಟಿಕ್ಕಿದ ಹನಿ ನೆಲದ ಮೇಲೆ ಕಾಣುತ್ತದೆ. ತಟ್ಟೆ ಅದನ್ನು ಹಿಡಿದಿಟ್ಟು ಬಚ್ಚಿಡುತ್ತದೆ. ಕೊಂಬಿಯಂಥ ಗಾಳಿಯಿಂದ ತಣಿಯುವ ಹಿಂಬದಿ ಎಂಜಿನ್ನಿನ ಕಥೆ ಇನ್ನೂ ಸೂಕ್ಷ್ಮ: ಬಿಸಿಗಾಳಿ ಹೊರಹೋಗುವುದೇ ಅದರ ಅಡಿಯಿಂದ. ಅಲ್ಲಿ ತಟ್ಟೆ ಹಾಕುವುದೆಂದರೆ ಅದರ ಮೂಗು ಮುಚ್ಚಿದ ಹಾಗೆ.

2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಹೆಣವಾಗಿ ಸಿಕ್ಕರು. ಎಸಿ ಓಡಿಸಲು ಜನರೇಟರ್ ಹಾಕಿಕೊಂಡು ಮಲಗಿದ್ದವರು. ಕೋಯಿಕ್ಕೋಡಿನ ಎನ್ಐಟಿ ತಜ್ಞರು ಅದೇ ಗಾಡಿಯಲ್ಲಿ ಪರೀಕ್ಷೆ ನಡೆಸಿ, ಜನರೇಟರಿನ ಕಾರ್ಬನ್ ಮೊನಾಕ್ಸೈಡ್ ನೆಲದಲ್ಲಿದ್ದ ತೂತಿನಿಂದ ಒಳಬಂದಿತ್ತು ಎಂದು ಕಂಡುಕೊಂಡರು. ಆ ಗಾಡಿಗೆ ಅಡಿ ಶೀಟು ಇತ್ತೋ ಇಲ್ಲವೋ ಇಲ್ಲಿ ಮುಖ್ಯವಲ್ಲ. ನೆಲದಲ್ಲೊಂದು ತೂತು ಏನು ಮಾಡಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಶೀಟಿನ ಮರೆಯಲ್ಲಿ ನೆಲ ತುಕ್ಕು ತಿಂದು ಜಾಲರಿಯಾಗಿ, ಸೈಲೆನ್ಸರ್ ಜೋಡಣೆ ಸಡಿಲವಾಗಿ, ಹೊಗೆ ತಟ್ಟೆಗೂ ನೆಲಕ್ಕೂ ನಡುವಿನ ಸುರಂಗದಲ್ಲಿ ತುಂಬಿಕೊಂಡರೆ ಅದಕ್ಕಿರುವ ಒಂದು ದಾರಿ ಮೇಲಕ್ಕೆ, ಹಾಸಿಗೆಯ ಕಡೆಗೆ. ಆ ಅನಿಲಕ್ಕೆ ವಾಸನೆಯಿಲ್ಲ.

ಶೀಟೇ ಬೇಡವೆಂದು ನಾನು ಹಟ ಹಿಡಿಯುವುದಿಲ್ಲ. ಗುಂಡಿ ಬಿದ್ದ ಒಳರಸ್ತೆಗಳಲ್ಲಿ, ಅಳತೆ ತಪ್ಪಿ ಎದ್ದ ಹಂಪುಗಳ ಮೇಲೆ ಎಂಜಿನ್ ಆಯಿಲ್ ಚೇಂಬರಿಗೆ ಪೆಟ್ಟು ಬೀಳುವುದು ನಿಜ. ಅಲ್ಲಿಗೆ ಮಾತ್ರ ಒಂದು ಗಟ್ಟಿ ಗಾರ್ಡ್ ಹಾಕಿಸಿ, ಅದಕ್ಕೂ ಎಂಜಿನ್ನಿಗೂ ನಡುವೆ ಧಾರಾಳ ಅಂತರ ಬಿಡಿಸಿ, ಆಯಿಲ್ ಬದಲಿಸಲು ಕಿಂಡಿ ಇಡಿಸಿ. ಉಳಿದ ಅಡಿಗೆ ಬೇಕಾದದ್ದು ಬೇರೆ ಚಾಕರಿ: ಕೆಸರು ಕೆರೆದು ತೊಳೆದು, ತುಕ್ಕನ್ನು ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಸತುವಿನ ಪ್ರೈಮರ್ ಹೊಡೆಸಿ, ಟೊಳ್ಳು ಕಂಬಿಗಳ ಒಳಗೆ ಮೇಣದ ಎಣ್ಣೆ ಸಿಂಪಡಿಸುವುದು. ಕಪ್ಪು ಡಾಂಬರಿನಂಥ ಕೋಟಿಂಗನ್ನು ತುಕ್ಕಿನ ಮೇಲೇ ಬಳಿಯುವ ಚಾಳಿ ಶೀಟು ಹೊಡೆಸುವುದಕ್ಕಿಂತ ವಾಸಿಯೇನಲ್ಲ. ಅದು ಗಡುಸಾಗಿ ಬಿರಿದ ಮೇಲೆ ಅದರ ಹಿಂದೆಯೂ ನೀರೇ. ಭಾರದ ಲೆಕ್ಕವನ್ನೂ ಮಾಡಿ: ನಾಲ್ಕು ಚದರ ಮೀಟರ್ ಅಡಿಗೆ 3 ಮಿ.ಮೀ. ಅಲ್ಯುಮಿನಿಯಂ ಹೊದಿಸಿದರೆ 32 ಕಿಲೊ, 2 ಮಿ.ಮೀ. ಉಕ್ಕಾದರೆ 63 ಕಿಲೊ. ಮುದಿ ಸ್ಪ್ರಿಂಗುಗಳ ಮೇಲೆ ಒಬ್ಬ ಆಸಾಮಿಯನ್ನು ಶಾಶ್ವತವಾಗಿ ಕೂರಿಸಿದಂತೆ.

ಎಲ್ಲ ಕೇಳಿಯೂ ಶೀಟು ಬೇಕೆಂದರೆ ರಿವೆಟ್ ಹೊಡೆಸಬೇಡಿ, ವೆಲ್ಡಿಂಗ್ ಅಂತೂ ಬೇಡವೇ ಬೇಡ. ಸ್ಪ್ಯಾನರಿಗೆ ಬಗ್ಗುವ ಬೋಲ್ಟು, ಲೋಹಕ್ಕೆ ಲೋಹ ತಾಗದಂತೆ ರಬ್ಬರ್ ಬುಷ್, ಎರಡು ಬೆರಳು ತೂರುವಷ್ಟು ಸಂದಿ, ತಗ್ಗಿರುವ ಕಡೆಯೆಲ್ಲ ಹೆಬ್ಬೆರಳು ಗಾತ್ರದ ತೂತು. ಮೇ ತಿಂಗಳಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಬಿಚ್ಚಿ ತೊಳೆದು, ಸ್ಕ್ರೂಡ್ರೈವರಿನ ಹಿಡಿಯಿಂದ ಕಂಬಿಗಳನ್ನು ತಟ್ಟುತ್ತ ಹೋಗಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಕೊಳೆತದ್ದು ಮಡಕೆ ಒಡೆದ ಸದ್ದು ಕೊಡುತ್ತದೆ. ಸಮುದ್ರಕ್ಕೆ ಹೋಗಿ ಬಂದ ವಾರದಲ್ಲೇ ಸಿಹಿನೀರಿನಲ್ಲಿ ಅಡಿ ತೊಳೆಸಿ.

ನನ್ನ ಗೆಳೆಯರು ಕೊನೆಗೂ ಮುಂದಿನ ಗಾರ್ಡ್ ಒಂದನ್ನು ಉಳಿಸಿಕೊಂಡು ಮಿಕ್ಕ ಶೀಟನ್ನು ಗುಜರಿಗೆ ಕಳಿಸಿದರು. ಮೇಸ್ತ್ರಿಗೆ ಬೇಸರವಾಯಿತು, ಗುಜರಿಯವನಿಗೆ ಖುಷಿ.

ಈಗಾಗಲೇ ಹೊಡೆಸಿಕೊಂಡವರು ಮುಂದಿನ ಮಳೆಗೆ ಮೊದಲು ಬಿಚ್ಚಿ ನೋಡಿ. ಒಳಗೆ ಗ್ಯಾಸ್ ಒಲೆ ಇಟ್ಟುಕೊಂಡು ಕೆಳಗೆ ಪೂರ್ತಿ ಮುಚ್ಚಿಸಿದ್ದರೆ ಮಳೆಯವರೆಗೂ ಕಾಯಬೇಡಿ. ಸಿಲಿಂಡರಿನ ಕೆಳಗಿನ ಆ ಒಂದು ತಟ್ಟೆಯನ್ನು ಇವತ್ತೇ ಬಿಚ್ಚಿಸಿ, ಬಿಚ್ಚುವವರೆಗೆ ಒಲೆ ಹಚ್ಚಬೇಡಿ.